ಲ್ಯಾಪ್‌ಟಾಪ್ ಪದೇ ಪದೇ ಕೈಕೊಡ್ತಿದ್ಯಾ? ಫಾರ್ಮ್ಯಾಟ್ ಮಾಡಿಸೋ ಮೊದಲು ರ‍್ಯಾಮ್ ಪರೀಕ್ಷೆ ಮಾಡಿ

ಪಾಡ್‌ಕಾಸ್ಟ್ ಲಿಖಿತ ರೂಪ | ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ

(ಸಂಚಿಕೆಯಲ್ಲಿ ಆಡಿದ ಮಾತುಗಳನ್ನು ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ಬದಲಿಸಿ ಇಲ್ಲಿ ಕೊಡಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ತೋಟದಲ್ಲಿ ಮೋಟರ್ ಆನ್ ಮಾಡಿ ಕರೆಂಟ್ ಹೋಗೋ ತನಕ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಹಳೇ ಲ್ಯಾಪ್‌ಟಾಪ್. ಕಾಲೇಜಿಗೆ ಸೇರಿದಾಗ ತಗೊಂಡಿದ್ದು, ಅಣ್ಣನೋ ಅಕ್ಕನೋ ಬಳಸಿ ಬಿಟ್ಟಿದ್ದು, ಇಲ್ಲಾ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ನಮ್ಮ ನಾಲ್ಕೂ ತಾಲ್ಲೂಕಲ್ಲಿ ಇಂಥ ಲ್ಯಾಪ್‌ಟಾಪ್ ಮೇಲೆ ಎಷ್ಟು ಕೆಲಸ ನಿಂತಿದೆ ನೋಡಿ. ಒಬ್ಬರ ಫೈನಲ್ ಇಯರ್ ಪ್ರಾಜೆಕ್ಟ್, ಒಬ್ಬರ ಸ್ಕಾಲರ್‌ಶಿಪ್ ಅರ್ಜಿ, ಒಂದು ಫೋಟೋ ಸ್ಟುಡಿಯೋದ ಮದುವೆ ಆಲ್ಬಂ, ಒಂದು ಡಿಟಿಪಿ ಅಂಗಡಿಯ ಲಗ್ನಪತ್ರಿಕೆ. ಹೊಸದು ತಗೊಳ್ಳೋಣ ಅಂದ್ರೆ ದುಡ್ಡು ಬೇಕು. ಹಳೇದು ಅರ್ಧ ಗಂಟೆಗೊಮ್ಮೆ ನೀಲಿ ಪರದೆ ತೋರಿಸಿ ಆಫ್ ಆಗುತ್ತೆ. ಅಂಗಡಿಗೆ ತಗೊಂಡು ಹೋದ್ರೆ ಬಹಳ ಸಲ ಸಿಗೋ ಉತ್ತರ ಒಂದೇ: "ವೈರಸ್ ಇರ್ಬೇಕು, ಫಾರ್ಮ್ಯಾಟ್ ಮಾಡೋಣ."

ಫಾರ್ಮ್ಯಾಟ್ ಮಾಡಿಸ್ತೀರಿ. ಫೋಟೋ ಹೋಗುತ್ತೆ, ಫೈಲ್ ಹೋಗುತ್ತೆ. ಎರಡು ದಿನ ಆದ್ಮೇಲೆ ಅದೇ ನೀಲಿ ಪರದೆ ವಾಪಸ್ ಬರುತ್ತೆ. ಯಾಕೆಂದರೆ ತೊಂದರೆ ಇದ್ದದ್ದು ವಿಂಡೋಸ್‌ನಲ್ಲಿ ಅಲ್ಲ, ರ‍್ಯಾಮ್‌ನಲ್ಲಿ. ಹಾಗಾಗಿ ಈ ಸಂಚಿಕೆಯಲ್ಲಿ ಮೂರು ವಿಷಯ ನೋಡೋಣ: ರ‍್ಯಾಮ್ ಕೆಟ್ಟಿದೆಯಾ ಅಂತ ಮನೇಲೇ ಕಂಡುಹಿಡಿಯೋದು ಹೇಗೆ, ಕೆಟ್ಟಿದ್ರೆ ಏನು ಮಾಡೋದು, ಅದಕ್ಕೂ ಮೊದಲು ನಿಮ್ಮ ಫೈಲ್ ಉಳಿಸ್ಕೊಳ್ಳೋದು ಹೇಗೆ.

ರ‍್ಯಾಮ್ ಅಂದ್ರೆ ಕಣ, ಡಿಸ್ಕ್ ಅಂದ್ರೆ ಗೋದಾಮು

ಶೇಂಗಾ ಬೆಳೆಯೋ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಮೂಟೆ ಕಟ್ಟಿ ಇಡೋ ಜಾಗ ಗೋದಾಮು. ಹರಡಿ, ಬಿಡಿಸಿ, ತೂರಿ ಕೆಲಸ ಮಾಡೋ ಜಾಗ ಕಣ. ನಿಮ್ಮ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ ಗೋದಾಮು. ರ‍್ಯಾಮ್ ಕಣ. ನೀವು ತೆರೆದ ಫೈಲ್, ಬ್ರೌಸರ್ ಟ್ಯಾಬ್, ವಿಂಡೋಸ್ ತಾನೇ ನಡೆಸ್ತಿರೋ ಲೆಕ್ಕ, ಎಲ್ಲ ಕಣಕ್ಕೆ ಬಂದು ಕೂರಬೇಕು. ಕೆಲಸ ಮುಗಿದ ಮೇಲೆ ಮತ್ತೆ ಗೋದಾಮಿಗೆ ಹೋಗುತ್ತೆ. ಕರೆಂಟ್ ಹೋದ್ರೆ ಕಣ ಖಾಲಿ.

ಈ ಕಣದ ಒಳಗೆ ಏನಿದೆ? ಪ್ರತಿ ಬಿಟ್‌ಗೆ, ಅಂದ್ರೆ ಪ್ರತಿ ಸೊನ್ನೆ ಅಥವಾ ಒಂದಕ್ಕೆ, ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಈ ವಿನ್ಯಾಸಕ್ಕೆ 1968ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಮೂಲ ವಿನ್ಯಾಸ ಅದೇ. 8 ಜಿಬಿ ರ‍್ಯಾಮ್‌ನಲ್ಲಿ ಇಂಥ ಕೋಶಗಳು ಸುಮಾರು 6,872 ಕೋಟಿ.

ಪ್ರತಿ ಕೋಶವೂ ಸೋರೋ ಕೊಡ ಇದ್ದ ಹಾಗೆ. ತುಂಬಿಸಿದ ವಿದ್ಯುತ್ ನಿಧಾನವಾಗಿ ಸೋರಿ ಹೋಗುತ್ತೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಅಂದ್ರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು, ಎಲ್ಲಾ ಕೊಡಗಳನ್ನೂ ಓದಿ ಮತ್ತೆ ತುಂಬಿಸಲಾಗುತ್ತೆ. ಒಳ್ಳೇ ಕೋಶ ಅಷ್ಟು ಹೊತ್ತು ಆರಾಮಾಗಿ ತಡ್ಕೊಳ್ಳುತ್ತೆ. ದುರ್ಬಲ ಕೋಶ ಮತ್ತೆ ತುಂಬೋ ಮೊದಲೇ ಖಾಲಿ. ಒಂದು ಇದ್ದ ಜಾಗದಲ್ಲಿ ಸೊನ್ನೆ ಕಾಣುತ್ತೆ. ಚಿಪ್ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಆರೋಗ್ಯವಾಗಿರೋ ಚಿಪ್‌ಗೆ ಇದು ದೊಡ್ಡ ವಿಷಯ ಅಲ್ಲ, ಆದರೆ ಅಂಚಿನಲ್ಲಿರೋ ಕೋಶಕ್ಕೆ ಅಷ್ಟೇ ಸಾಕು. ಬೆಳಗ್ಗೆ ಸರಿಯಾಗಿದ್ದ ಲ್ಯಾಪ್‌ಟಾಪ್ ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟ್ ಮನೆಯೊಳಗೆ ಕೈಕೊಡೋಕೆ ಇದೂ ಒಂದು ಕಾರಣ ಇರಬಹುದು.

ಒಂದೇ ಒಂದು ಬಿಟ್ ತಪ್ಪಿದ್ರೆ ಏನಾಗುತ್ತೆ?

"6,872 ಕೋಟಿಯಲ್ಲಿ ಒಂದು ತಾನೇ, ಬಿಡಿ" ಅಂತ ಅನ್ನಿಸಬಹುದು. ಒಂದು ಉದಾಹರಣೆ ನೋಡಿ. ಯುನಿಕೋಡ್‌ನಲ್ಲಿ ಕನ್ನಡದ 'ಕ' ಅಕ್ಷರದ ಸಂಕೇತಕ್ಕೂ 'ಗ' ಅಕ್ಷರದ ಸಂಕೇತಕ್ಕೂ ಇರೋ ವ್ಯತ್ಯಾಸ ಒಂದೇ ಒಂದು ಬಿಟ್. ಆ ಬಿಟ್ ತಿರುಗಿದ್ರೆ 'ಕಂಡ' ಅನ್ನೋದು 'ಗಂಡ' ಆಗುತ್ತೆ. ಲಗ್ನಪತ್ರಿಕೆ ಟೈಪ್ ಮಾಡೋರು ಸ್ವಲ್ಪ ಯೋಚಿಸಿ.

ನಗು ಬರೋ ಉದಾಹರಣೆ ಇದು. ಗಂಭೀರವಾದದ್ದೂ ಇದೆ. 2003ರ ಮೇ 18ರಂದು ಬೆಲ್ಜಿಯಂನಲ್ಲಿ ಚುನಾವಣೆ ನಡೀತು. ಬ್ರಸೆಲ್ಸ್‌ಗೆ ಸೇರಿದ ಸ್ಕಾರ್‌ಬೇಕ್‌ನಲ್ಲಿ ಎಲೆಕ್ಟ್ರಾನಿಕ್ ಮತ ಎಣಿಕೆ ವೇಳೆ ಒಬ್ಬ ಅಭ್ಯರ್ಥಿಗೆ 4,096 ಮತ ಹೆಚ್ಚಾಗಿ ಬಂದಿತ್ತು. ಸಾಧ್ಯವೇ ಇಲ್ಲದಷ್ಟು ಮತ ಆಗಿದ್ದರಿಂದ ಅನುಮಾನ ಬಂದು ಮತ್ತೆ ಎಣಿಸಿದರು. 4,096 ಅನ್ನೋದು ಎರಡರ ಹನ್ನೆರಡನೇ ಘಾತ, ಅಂದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಸರಿಯಾಗಿ ಒಂದು ಬಿಟ್‌ನ ಬೆಲೆ. ಪ್ರೋಗ್ರಾಮ್‌ನಲ್ಲಿ ದೋಷ ಸಿಗಲಿಲ್ಲ. ಮೆಮೊರಿಯಲ್ಲಿ ಒಂದು ಬಿಟ್ ತಾನಾಗೇ ತಿರುಗಿರಬೇಕು ಅನ್ನೋ ತೀರ್ಮಾನಕ್ಕೆ ತಜ್ಞರು ಬಂದರು.

ಅದು ಯಾವಾಗಲೋ ಒಮ್ಮೆ ಆಗೋ ಆಕಸ್ಮಿಕ. ನಾವು ಮಾತಾಡ್ತಿರೋದು ಕೆಟ್ಟೇ ಹೋಗಿರೋ ಕೋಶದ ಬಗ್ಗೆ. ಅದು ದಿನಾ ತಪ್ಪು ಮಾಡುತ್ತೆ. ಟೊರೊಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್ ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗೂಗಲ್‌ನ ಸರ್ವರ್‌ಗಳಲ್ಲಿ ವರ್ಷಕ್ಕೆ ಶೇ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ಕನಿಷ್ಠ ಒಂದು ದೋಷ ಕಾಣಿಸಿಕೊಂಡಿತ್ತು. ವಯಸ್ಸಾದಂತೆ ದೋಷ ಹೆಚ್ಚಾಗುತ್ತೆ ಅಂತಲೂ ಗೊತ್ತಾಯ್ತು. ಸರ್ವರ್‌ಗಳಲ್ಲಿ ಇಂಥ ತಪ್ಪನ್ನು ಹಿಡಿದು ತಿದ್ದೋ ವ್ಯವಸ್ಥೆ ಇರುತ್ತೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರಲ್ಲ. ತಪ್ಪು ವಿಂಡೋಸ್‌ನ ಕೋಡ್ ಮೇಲೆ ಬಿದ್ರೆ ಕ್ರ್ಯಾಶ್. ನಿಮ್ಮ ಫೋಟೋ ಮೇಲೆ ಬಿದ್ರೆ ಫೋಟೋ ಸದ್ದಿಲ್ಲದೆ ಹಾಳು. ಕ್ರ್ಯಾಶ್ ಆದ್ರೆ ಗೊತ್ತಾದ್ರೂ ಆಗುತ್ತೆ. ಫೋಟೋ ಹಾಳಾದದ್ದು ಆರು ತಿಂಗಳಾದ ಮೇಲೆ ತೆರೆದಾಗಲೇ ಗೊತ್ತಾಗೋದು.

ರ‍್ಯಾಮ್ ಮೇಲೆ ಅನುಮಾನ ಯಾವಾಗ?

ಲ್ಯಾಪ್‌ಟಾಪ್ ನಿಲ್ಲೋಕೆ ಹತ್ತು ಕಾರಣ ಇರಬಹುದು. ಮೊದಲು ಈ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ.

ಒಂದು, ಬರೀ ನಿಧಾನವಾ, ಇಲ್ಲಾ ಕ್ರ್ಯಾಶ್ ಆಗುತ್ತಾ? 4 ಜಿಬಿ ರ‍್ಯಾಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ನಿಧಾನ ಆಗೇ ಆಗುತ್ತೆ. ಅದು ರ‍್ಯಾಮ್ ಸಾಲದಿರೋದು, ಕೆಟ್ಟಿರೋದಲ್ಲ.

ಎರಡು, ನೀಲಿ ಪರದೆ ಬರುತ್ತಾ, ಇಲ್ಲಾ ಫಟ್ ಅಂತ ಆಫ್ ಆಗುತ್ತಾ? ಯಾವ ಸಂದೇಶವೂ ಇಲ್ಲದೆ ದೀಪ ಆರಿದ ಹಾಗೆ ಆಫ್ ಆದರೆ ಮೊದಲು ಫ್ಯಾನ್, ಧೂಳು, ಬ್ಯಾಟರಿ, ಚಾರ್ಜರ್ ಕಡೆ ನೋಡಿ. ನಮ್ಮ ಕಡೆ ಧೂಳು ಗೊತ್ತಲ್ಲ, ಗಾಳಿ ಹೋಗೋ ಜಾಲರಿ ಮುಚ್ಚಿಕೊಂಡು ಲ್ಯಾಪ್‌ಟಾಪ್ ಕಾದು ನಿಲ್ಲೋದು ಮಾಮೂಲು.

ಮೂರು, ಪ್ರತಿ ಸಲ ಒಂದೇ ತಪ್ಪಾ, ಬೇರೆ ಬೇರೆನಾ? ಒಂದೇ ಆಟ ತೆರೆದಾಗ ಮಾತ್ರ ಕ್ರ್ಯಾಶ್ ಆದ್ರೆ ಆ ಆಟದ್ದೋ ಡ್ರೈವರ್‌ದೋ ತೊಂದರೆ ಇರಬಹುದು. ಇವತ್ತು ನೀಲಿ ಪರದೆಯಲ್ಲಿ 'ಮೆಮೊರಿ ಮ್ಯಾನೇಜ್‌ಮೆಂಟ್', ನಾಳೆ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ನಾಡಿದ್ದು ಇನ್ನೇನೋ. ಹೀಗೆ ದಿನಕ್ಕೊಂದು ಹೆಸರು ಬಂದ್ರೆ ರ‍್ಯಾಮ್ ಮೇಲೆ ಅನುಮಾನ ಹೆಚ್ಚು. ಯಾಕೆ ಅಂದ್ರೆ ಕೆಟ್ಟ ಕೋಶದಲ್ಲಿ ಪ್ರತಿ ಸಲ ಬೇರೆ ಬೇರೆ ಪ್ರೋಗ್ರಾಮ್ ಬಂದು ಕೂರುತ್ತೆ.

ನಾಲ್ಕು, ದೊಡ್ಡ ಜಿಪ್ ಫೈಲ್ ಬಿಚ್ಚುವಾಗ, ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಮಧ್ಯದಲ್ಲೇ 'ಫೈಲ್ ಹಾಳಾಗಿದೆ' ಅಂತ ಬರುತ್ತಾ? ಅದೇ ಫೈಲ್ ಗೆಳೆಯರ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ತೆರೆಯುತ್ತಾ? ಹಾಗಿದ್ರೆ ಇದೂ ರ‍್ಯಾಮ್‌ನ ಗುರುತು.

ಇದು ಈಗ ಯಾಕೆ ಮುಖ್ಯ ಅಂದ್ರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ತುಂಬಾ ಜನ ಹಳೇ ಲ್ಯಾಪ್‌ಟಾಪ್‌ಗೆ ಹೊಸ ವಿಂಡೋಸ್ ಅಥವಾ ಲಿನಕ್ಸ್ ಹಾಕಿಸ್ತಿದ್ದಾರೆ. ಕೆಟ್ಟ ರ‍್ಯಾಮ್ ಇಟ್ಕೊಂಡು ಇನ್‌ಸ್ಟಾಲ್ ಮಾಡಿದ್ರೆ ಹೊಸ ವಿಂಡೋಸ್ ಕೂಡ ಹುಟ್ಟುವಾಗಲೇ ರೋಗ ಹಿಡ್ಕೊಂಡು ಹುಟ್ಟುತ್ತೆ.

ಮೊದಲ ಹೆಜ್ಜೆ: ಫೈಲ್ ಉಳಿಸಿ, ಆದರೆ ಎಚ್ಚರ

"ಮೊದಲು ಬ್ಯಾಕಪ್" ಅಂತ ಎಲ್ಲರೂ ಹೇಳ್ತಾರೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಫೈಲ್ ಕಾಪಿ ಆಗೋದೂ ರ‍್ಯಾಮ್ ಮೂಲಕವೇ. ಕಣದಲ್ಲಿ ಕಲ್ಲು ಇದ್ರೆ ಮೂಟೆಗೂ ಕಲ್ಲು ಸೇರುತ್ತೆ. ಹಾಗಾಗಿ ಮೂರು ನಿಯಮ:

- ಕಟ್-ಪೇಸ್ಟ್ ಮಾಡಲೇಬೇಡಿ. ಕಾಪಿ ಮಾತ್ರ ಮಾಡಿ, ಮೂಲ ಫೈಲ್ ಅಲ್ಲೇ ಇರಲಿ.
- ಪೆನ್‌ಡ್ರೈವ್‌ನಲ್ಲೋ ಡ್ರೈವ್ ಖಾತೆಯಲ್ಲೋ ಹಳೇ ಬ್ಯಾಕಪ್ ಇದ್ರೆ ಅದರ ಮೇಲೆ ಹೊಸದನ್ನು ಬರೆಯಬೇಡಿ. ಬೇರೆ ಫೋಲ್ಡರ್ ಮಾಡಿ.
- ಪ್ರಾಜೆಕ್ಟ್ ರಿಪೋರ್ಟ್, ಮದುವೆ ಫೋಟೋ ಥರ ಮತ್ತೆ ಸಿಗದ ಫೈಲ್ ಇದ್ರೆ, ಆ ಲ್ಯಾಪ್‌ಟಾಪ್ ಆನ್ ಮಾಡೋದನ್ನೇ ನಿಲ್ಲಿಸಿ. ಡಿಸ್ಕ್ ಬಿಚ್ಚಿಸಿ, ಯುಎಸ್‌ಬಿ ಕೇಸ್‌ಗೆ ಹಾಕಿ, ಬೇರೆ ಒಳ್ಳೇ ಕಂಪ್ಯೂಟರ್‌ನಿಂದ ಕಾಪಿ ಮಾಡ್ಕೊಳ್ಳಿ. ಡಿಸ್ಕ್ ಬಿಟ್‌ಲಾಕರ್‌ನಿಂದ ಲಾಕ್ ಆಗಿದ್ರೆ ರಿಕವರಿ ಕೀ ಬೇಕಾಗುತ್ತೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇದೆಯಾ ಅಂತ ಫೋನ್‌ನಲ್ಲೇ ನೋಡಿ, ಬರೆದಿಟ್ಕೊಳ್ಳಿ.

ಎರಡನೇ ಹೆಜ್ಜೆ: ಪರೀಕ್ಷೆ

ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ವಿಂಡೋಸ್ ಒಳಗೇ ಇದೆ. ಸರ್ಚ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಈಗಲೇ ರೀಸ್ಟಾರ್ಟ್ ಮಾಡಿ ಅನ್ನೋ ಆಯ್ಕೆ ಒತ್ತಿ. ಪರೀಕ್ಷೆ ಶುರುವಾದ ಮೇಲೆ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆಯ್ಕೆ ಮಾಡಿ, ಎಫ್10 ಒತ್ತಿ. ಮುಗಿದ ಮೇಲೆ ವಿಂಡೋಸ್ ತೆರೆದು ಫಲಿತಾಂಶ ತೋರಿಸುತ್ತೆ. ತೋರಿಸದಿದ್ರೆ 'ಇವೆಂಟ್ ವ್ಯೂವರ್' ತೆರೆದು, ಸಿಸ್ಟಂ ಲಾಗ್‌ನಲ್ಲಿ ಮೆಮೊರಿ ಡಯಾಗ್ನಾಸ್ಟಿಕ್ಸ್ ಹೆಸರಿನ ದಾಖಲೆ ಹುಡುಕಿ.

ಇದು ಹಲವು ದೋಷ ಹಿಡಿಯುತ್ತೆ, ಎಲ್ಲವನ್ನೂ ಅಲ್ಲ. ಇನ್ನೂ ಗಟ್ಟಿ ಪರೀಕ್ಷೆ ಬೇಕಂದ್ರೆ 'ಮೆಮ್‌ಟೆಸ್ಟ್86 ಪ್ಲಸ್' ಇದೆ. ಉಚಿತ, ಮುಕ್ತ ತಂತ್ರಾಂಶ. ಬೇರೆ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಬರೆಸ್ಕೊಳ್ಳಿ. ಹಾಗೆ ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಇರೋದೆಲ್ಲ ಅಳಿಸಿ ಹೋಗುತ್ತೆ, ನೆನಪಿರಲಿ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ತೆರೆಯಬೇಕು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸುಸ್‌ನಲ್ಲಿ ಎಸ್ಕೇಪ್ ಕೀ. ಪೆನ್‌ಡ್ರೈವ್ ಆರಿಸಿದರೆ ಪರೀಕ್ಷೆ ತಾನಾಗೇ ಶುರು.

ಚಾರ್ಜರ್ ಹಾಕಿ, ರಾತ್ರಿ ಮಲಗೋ ಮೊದಲು ಬಿಟ್ಟುಬಿಡಿ. ಹಾಸಿಗೆ ಮೇಲೆ ಬೇಡ, ಗಟ್ಟಿ ಟೇಬಲ್ ಮೇಲೆ ಇಡಿ. ಕನಿಷ್ಠ ಒಂದು ಪೂರ್ತಿ ಸುತ್ತು ಮುಗೀಬೇಕು, ಮೂರ್ನಾಲ್ಕು ಆದ್ರೆ ಒಳ್ಳೇದು. ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಸುತ್ತಿಗೇ ಗಂಟೆಗಟ್ಟಲೆ ಹಿಡಿಯಬಹುದು. ಮಧ್ಯಾಹ್ನ ಮಾತ್ರ ಕ್ರ್ಯಾಶ್ ಆಗೋ ಲ್ಯಾಪ್‌ಟಾಪ್ ಆದ್ರೆ ಮಧ್ಯಾಹ್ನವೂ ಒಂದು ಸಲ ಪರೀಕ್ಷೆ ಮಾಡಿ.

ಫಲಿತಾಂಶ ಓದೋದು ಸುಲಭ. ಕೆಂಪು ಸಾಲು ಬಂದ್ರೆ ದೋಷ ಇದೆ. "ಒಂದೇ ಬಂದಿದೆ, ಪರವಾಗಿಲ್ಲ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಪಾಸ್ ಅಂಕ ಇಲ್ಲಿ ಸೊನ್ನೆ.

ಮೂರನೇ ಹೆಜ್ಜೆ: ಬಿಚ್ಚಿ ಮತ್ತೆ ಕೂರಿಸೋದು

ದೋಷ ಬಂದ ತಕ್ಷಣ ಹೊಸ ರ‍್ಯಾಮ್ ಕೊಳ್ಳೋಕೆ ಓಡಬೇಡಿ. ಎಷ್ಟೋ ಸಲ ರ‍್ಯಾಮ್ ಪಟ್ಟಿ ಸರಿಯಾಗೇ ಇರುತ್ತೆ, ಸ್ಲಾಟ್‌ಗೂ ಅದಕ್ಕೂ ನಡುವೆ ಸಂಪರ್ಕ ಸಡಿಲ ಆಗಿರುತ್ತೆ. ಬ್ಯಾಗ್‌ನಲ್ಲಿ ಹಾಕ್ಕೊಂಡು ಬಸ್ಸಲ್ಲಿ ಕುಲುಕಿದ್ದು, ಧೂಳು, ಮಳೆಗಾಲದ ತೇವ, ಯಾವುದಾದ್ರೂ ಇರಬಹುದು.

ನೀವೇ ಮಾಡೋದಾದ್ರೆ: ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೀರಿ. ಹೊರಗೆ ಬರೋ ಬ್ಯಾಟರಿ ಆದ್ರೆ ತೆಗೀರಿ. ಒಳಗಿರೋದಾದ್ರೆ ಹಿಂಬದಿ ಮುಚ್ಚಳ ತೆರೆದ ಕೂಡಲೇ ಅದರ ಕನೆಕ್ಟರ್ ಬಿಡಿಸಿ. ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡೀರಿ. ವಾರಂಟಿ ಇನ್ನೂ ಇದ್ರೆ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಹೋಗಿ.

ನಮ್ಮ ಜಿಲ್ಲೆಯ ಒಣ ಹವೆಗೆ ಒಂದು ವಿಶೇಷ ಮಾತು. ಚಳಿಗಾಲ ಮುಗಿದು ಬಿಸಿಲು ಏರೋ ಹೊತ್ತಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಅನ್ನುತ್ತಲ್ಲ, ಅದೇ ಸ್ಥಾಯಿ ವಿದ್ಯುತ್. ನಿಮಗೆ ಸಣ್ಣ ಚುರುಕು ಅಷ್ಟೇ, ಚಿಪ್‌ಗೆ ಅದು ಸಿಡಿಲು. ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಚಾಪೆ ಬೇಡ. ಕೈ ಹಾಕೋ ಮೊದಲು ಕಿಟಕಿ ಸರಳಿನಂಥ ಬಣ್ಣ ಹೊಡೆಯದ ದೊಡ್ಡ ಲೋಹವನ್ನು ಮುಟ್ಟಿ.

ರ‍್ಯಾಮ್ ಪಟ್ಟಿಯ ಎರಡೂ ಬದಿಯ ಕ್ಲಿಪ್ ಹೊರಕ್ಕೆ ಸರಿಸಿದ್ರೆ ಪಟ್ಟಿ ತಾನೇ ಓರೆಯಾಗಿ ಎದ್ದೇಳುತ್ತೆ. ಅಂಚು ಹಿಡಿದು ಎಳೀರಿ. ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತಗಿನ ಬಟ್ಟೆಯಿಂದ ಆ ಹಲ್ಲು ಒರೆಸಿ, ಒಣಗಲು ಬಿಡಿ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರ್‌ನಿಂದ ಉಜ್ಜೋದು ರೂಢಿ. ಒತ್ತಿ ಉಜ್ಜಿದ್ರೆ ಲೇಪ ಸವೆಯುತ್ತೆ, ಪುಡಿ ಸ್ಲಾಟ್‌ಗೆ ಬೀಳುತ್ತೆ. ನೀರು, ಕೈಗೆ ಹಚ್ಚೋ ಸ್ಯಾನಿಟೈಸರ್ ಬೇಡವೇ ಬೇಡ. ಮತ್ತೆ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಕ್ಲಿಕ್ ಅನ್ನೋವರೆಗೆ ಕೆಳಕ್ಕೆ ಒತ್ತಿ. ಮತ್ತೆ ಪರೀಕ್ಷೆ. ಸೊನ್ನೆ ದೋಷ ಬಂದ್ರೆ ಖರ್ಚಿಲ್ಲದೆ ಕೆಲಸ ಆಯ್ತು.

ನಾಲ್ಕನೇ ಹೆಜ್ಜೆ: ಕಳ್ಳ ಯಾರು?

ಇನ್ನೂ ದೋಷ ಇದೆ, ಎರಡು ಪಟ್ಟಿ ಇವೆ ಅಂದ್ಕೊಳ್ಳಿ. ಒಂದನ್ನು ತೆಗೆದು ಇನ್ನೊಂದರಲ್ಲಿ ಮಾತ್ರ ಪರೀಕ್ಷೆ ಮಾಡಿ. ಆಮೇಲೆ ಅದೇ ಸ್ಲಾಟ್‌ನಲ್ಲಿ ಇನ್ನೊಂದು ಪಟ್ಟಿ. ಆಮೇಲೆ ಒಳ್ಳೇದು ಅನ್ನಿಸಿದ ಪಟ್ಟಿಯನ್ನು ಎರಡನೇ ಸ್ಲಾಟ್‌ಗೆ ಹಾಕಿ. ಪ್ರತಿ ಸಲ ಏನಾಯ್ತು ಅಂತ ಚೀಟಿಯಲ್ಲಿ ಬರೀರಿ.

ದೋಷ ಒಂದೇ ಪಟ್ಟಿಯ ಹಿಂದೆ ಹೋಗ್ತಿದ್ರೆ, ಯಾವ ಸ್ಲಾಟ್‌ಗೆ ಹಾಕಿದ್ರೂ ಬರ್ತಿದ್ರೆ, ಕೆಟ್ಟಿರೋದು ಆ ಪಟ್ಟಿ. ಯಾವ ಪಟ್ಟಿ ಹಾಕಿದ್ರೂ ಒಂದೇ ಸ್ಲಾಟ್‌ನಲ್ಲಿ ದೋಷ ಬರ್ತಿದ್ರೆ ತೊಂದರೆ ಸ್ಲಾಟ್ ಅಥವಾ ಮದರ್‌ಬೋರ್ಡ್‌ದು. ಎಲ್ಲ ಕಡೆ, ಎಲ್ಲ ಪಟ್ಟಿಯಲ್ಲೂ ದೋಷ ಬಂದ್ರೆ ಬೋರ್ಡ್, ಪ್ರೊಸೆಸರ್ ಅಥವಾ ಬಿಸಿ ಕಡೆ ನೋಡಬೇಕು, ಹೊಸ ರ‍್ಯಾಮ್ ಕೊಂಡ್ರೂ ಉಪಯೋಗ ಇಲ್ಲ. ಈ ಚೀಟಿ ಇದ್ರೆ ಅಂಗಡಿಯವರ ಹತ್ರ ಮಾತಾಡೋದೇ ಬೇರೆ. "ಅಣ್ಣಾ, ಏನೋ ಆಗಿದೆ ನೋಡಿ" ಅನ್ನೋ ಬದಲು "ಅಣ್ಣಾ, ಈ ಪಟ್ಟಿಯಲ್ಲಿ ಮಾತ್ರ ದೋಷ ಬರ್ತಿದೆ, ಇದನ್ನ ಬದಲಿಸಿ ಸಾಕು" ಅನ್ನಬಹುದು.

ಕೊಳ್ಳೋದಾದ್ರೆ

ರ‍್ಯಾಮ್‌ನಲ್ಲಿ ತಲೆಮಾರುಗಳಿವೆ. ಡಿಡಿಆರ್3, ಡಿಡಿಆರ್4, ಡಿಡಿಆರ್5. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ, ಕೆಳಗಿನ ಕಚ್ಚಿನ ಜಾಗವೇ ಬೇರೆ. ಡಿಡಿಆರ್3ರಲ್ಲೂ ಎರಡು ಥರ: 1.5 ವೋಲ್ಟ್‌ದು ಒಂದು, 1.35 ವೋಲ್ಟ್‌ನ ಡಿಡಿಆರ್3ಎಲ್ ಇನ್ನೊಂದು. ಎರಡೂ ಕೂರುತ್ತೆ, ಆದರೆ ಕೆಲವು ಲ್ಯಾಪ್‌ಟಾಪ್ ಎರಡನೆಯದನ್ನು ಮಾತ್ರ ಒಪ್ಪುತ್ತೆ. ಸುಲಭ ದಾರಿ: ಹಳೇ ಪಟ್ಟಿಯ ಮೇಲಿನ ಚೀಟಿಯ ಫೋಟೋ ತೆಗೆದು ಅಂಗಡಿಯವರಿಗೆ ವಾಟ್ಸ್‌ಆ್ಯಪ್ ಮಾಡಿ.

ಬೆಲೆ ವಿಷಯ ಮೊದಲೇ ಹೇಳಿಬಿಡ್ತೀನಿ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಬೇಡಿಕೆ ಹೆಚ್ಚಾಗಿ 2025ರ ಕೊನೆಯಿಂದ ಪ್ರಪಂಚದಾದ್ಯಂತ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಹೋದ ವರ್ಷ ಗೆಳೆಯ ಕೊಟ್ಟ ರೇಟ್ ನಂಬ್ಕೊಂಡು ಹೋಗಬೇಡಿ, ಎರಡು ಮೂರು ಕಡೆ ಕೇಳಿ. ಬೇರೆ ಲ್ಯಾಪ್‌ಟಾಪ್‌ನಿಂದ ತೆಗೆದ ಹಳೇ ಪಟ್ಟಿಯೂ ಒಳ್ಳೇ ಆಯ್ಕೆಯೇ, ಒಂದು ಷರತ್ತಿನ ಮೇಲೆ: ಮೆಮ್‌ಟೆಸ್ಟ್ ಒಂದು ಸುತ್ತು ಮುಗಿದ ಮೇಲೆ ದುಡ್ಡು. ಹೊಸದಾದ್ರೆ ಬಿಲ್ ಕೇಳಿ ಇಟ್ಕೊಳ್ಳಿ, ಬ್ರ್ಯಾಂಡೆಡ್ ರ‍್ಯಾಮ್‌ಗೆ ವಾರಂಟಿ ವರ್ಷಗಟ್ಟಲೆ ಇರುತ್ತೆ. ಎರಡು ಪಟ್ಟಿಯಲ್ಲಿ ಒಂದು ಮಾತ್ರ ಕೆಟ್ಟಿದ್ರೆ, ಒಳ್ಳೇದೊಂದರಲ್ಲೇ ಕೆಲವು ತಿಂಗಳು ದೂಡೋದೂ ಲೆಕ್ಕಾಚಾರವೇ. ನಿಧಾನ ಆಗುತ್ತೆ, ಆದರೆ ಫೈಲ್ ಹಾಳಾಗಲ್ಲ.

ಬೋರ್ಡ್‌ಗೇ ಬೆಸುಗೆ ಹಾಕಿದ್ರೆ?

ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬಿಚ್ಚೋಕೆ ಬರಲ್ಲ, ಬೋರ್ಡ್‌ಗೇ ಬೆಸೆದಿರ್ತಾರೆ. ಕೆಲವದರಲ್ಲಿ 4 ಜಿಬಿ ಬೆಸೆದು, ಒಂದು ಸ್ಲಾಟ್ ಖಾಲಿ ಬಿಟ್ಟಿರ್ತಾರೆ. ಬೆಸೆದ ಚಿಪ್ ಕೆಟ್ಟರೆ ಸ್ಲಾಟ್‌ಗೆ ಎಷ್ಟು ಹೊಸದು ಹಾಕಿದ್ರೂ ಕೆಟ್ಟದ್ದು ಒಳಗೇ ಇರುತ್ತೆ. ಚಿಪ್ ಬದಲಿಸೋದು ವಿಶೇಷ ಯಂತ್ರ ಬೇಕಾದ ಕೆಲಸ, ಎಲ್ಲ ಅಂಗಡಿಯಲ್ಲೂ ಆಗಲ್ಲ. ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳಿಸಿದ್ರೆ ಆಗೋ ಖರ್ಚು ಮತ್ತು ಲ್ಯಾಪ್‌ಟಾಪ್‌ನ ಈಗಿನ ಬೆಲೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ದಾರಿ ಇದೆ. ಕೆಟ್ಟ ಜಾಗ ಕೆಲವೇ ಕೋಶಗಳಲ್ಲಿದ್ರೆ, ಮೆಮ್‌ಟೆಸ್ಟ್ ಆ ವಿಳಾಸಗಳನ್ನು ತೋರಿಸುತ್ತೆ. "ಈ ಜಾಗ ಮುಟ್ಟಬೇಡ" ಅಂತ ಲಿನಕ್ಸ್‌ಗೆ ಬೂಟ್ ಆಗುವಾಗಲೇ ಹೇಳಬಹುದು, ವಿಂಡೋಸ್‌ನಲ್ಲೂ ಇಂಥ ಸೌಲಭ್ಯ ಇದೆ. ಕಣದಲ್ಲಿ ಗುಂಡಿ ಬಿದ್ದ ಕಡೆ ಕಲ್ಲಿಟ್ಟು, ಉಳಿದ ಕಡೆ ಕೆಲಸ ಮಾಡಿದ ಹಾಗೆ. ಗೊತ್ತಿರೋರ ಸಹಾಯ ತಗೊಳ್ಳಿ. ಕೆಟ್ಟ ಜಾಗ ಬೆಳೀತಾ ಹೋಗಬಹುದು, ಆದ್ದರಿಂದ ಇದು ತಾತ್ಕಾಲಿಕ. ಓದೋಕೆ, ವಿಡಿಯೋ ನೋಡೋಕೆ ಸಾಕು. ಬೇರೆಯವರ ಮದುವೆ ಫೋಟೋ, ದುಡ್ಡಿನ ಲೆಕ್ಕ ಅದರಲ್ಲಿ ಬೇಡ.

ಪರೀಕ್ಷೆಯಲ್ಲಿ ಸೊನ್ನೆ ದೋಷ ಬಂದು, ಕ್ರ್ಯಾಶ್ ಮಾತ್ರ ನಿಲ್ಲದಿದ್ರೆ? ಆಗ ಡಿಸ್ಕ್, ಬಿಸಿ, ಡ್ರೈವರ್, ಚಾರ್ಜರ್ ಒಂದೊಂದಾಗಿ ನೋಡಿ. ರ‍್ಯಾಮ್ ಬದಲಿಸಿ ಸರಿಹೋದ ಮೇಲೂ ಒಂದು ಕೆಲಸ ಬಾಕಿ ಇರುತ್ತೆ: ಕೆಟ್ಟ ರ‍್ಯಾಮ್ ಇದ್ದಾಗ ಸೇವ್ ಮಾಡಿದ ಮುಖ್ಯ ಫೈಲ್‌ಗಳನ್ನು ತೆರೆದು ನೋಡಿ. ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡೋದಿದ್ರೆ ಅದಕ್ಕೆ ಸರಿಯಾದ ಸಮಯ ಈಗ, ಪರೀಕ್ಷೆ ಪಾಸಾದ ಮೇಲೆ.

ಇಷ್ಟೂ ನೆನಪಿರದಿದ್ರೆ ಈ ಕ್ರಮ ಒಂದನ್ನ ನೆನಪಿಟ್ಕೊಳ್ಳಿ: ಮೊದಲು ಫೈಲ್, ಆಮೇಲೆ ಪರೀಕ್ಷೆ, ಆಮೇಲೆ ಬಿಚ್ಚಿ ಕೂರಿಸೋದು, ಆಮೇಲೆ ಖರೀದಿ, ಕೊನೆಗೆ ಫಾರ್ಮ್ಯಾಟ್. ನಿಮ್ಮ ಗೆಳೆಯರಲ್ಲಿ ಯಾರಾದ್ರೂ ಇವತ್ತು ಸಂಜೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸೋಕೆ ಹೊರಟಿದ್ರೆ, ಈ ಸಂಚಿಕೆಯನ್ನ ಅವರಿಗೆ ಈಗಲೇ ಕಳಿಸಿ.